ಮಗುವನ್ನು ಎಲ್ಲಿ ಬಿಡುವುದು, ಖರ್ಚಿಗೆ ನೆರವು ಎಲ್ಲಿ ಕೇಳುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ದುಡಿಯುವ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಮಕ್ಕಳ ಪಾಲನೆಯ ವೆಚ್ಚವೆಂದು ದುಡಿಯುವ ತಂದೆತಾಯಿಯರೆಲ್ಲರ ಕೈಗೆ ಪ್ರತಿ ತಿಂಗಳೂ ಹಣ ಕೊಡುವ ಒಂದೇ ಯೋಜನೆ ನಮ್ಮಲ್ಲಿಲ್ಲ. ಇರುವ ನೆರವು ಕಾರ್ಮಿಕ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಗ್ರಾಮ ಪಂಚಾಯಿತಿ, ನೌಕರರ ರಾಜ್ಯ ವಿಮಾ (ಇಎಸ್‌ಐ) ನಿಗಮ ಮತ್ತು ಕೆಲಸ ಕೊಟ್ಟ ಮಾಲೀಕರ ನಡುವೆ ಹಂಚಿಹೋಗಿದ್ದು, ಯಾವ ಬಾಗಿಲು ನಿಮಗೆ ತೆರೆಯುತ್ತದೆ ಎಂಬುದು ನಿಮ್ಮ ಬಡತನಕ್ಕಿಂತ ಹೆಚ್ಚಾಗಿ ನಿಮ್ಮ ಕೆಲಸದ ಬಗೆಯನ್ನೂ ಮಗುವಿನ ವಯಸ್ಸನ್ನೂ ಅವಲಂಬಿಸಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುವ ತಾಯಿಗೆ ಸಿಗುವುದು ಸಿಂಧನೂರಿನ ಕಡೆ ನಾಟಿಗೆ ಹೋಗುವ ತಾಯಿಗೆ ಸಿಗುವುದಿಲ್ಲ; ಆಕೆಗೆ ಸಿಗುವುದು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಪೀಸ್ ಲೆಕ್ಕದಲ್ಲಿ ದುಡಿಯುವವಳಿಗೆ ಸಿಗದಿರಬಹುದು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಹೆರಿಗೆಯ ಹೊತ್ತಿಗೆ ನೆರವು ನೀಡುವ ಯೋಜನೆಗಳು ಹಲವಿವೆ, ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿ ಇದೆ. ನಡುವಿನ ಎರಡೂವರೆ ವರ್ಷ, ಅಂದರೆ ಹೆರಿಗೆ ರಜೆ ಮುಗಿದು ತಾಯಿ ಕೆಲಸಕ್ಕೆ ಮರಳುವ ದಿನದಿಂದ ಮಗು ಅಂಗನವಾಡಿಯಲ್ಲಿ ಕುಳಿತುಕೊಳ್ಳುವ ದಿನದವರೆಗೆ, ಕುಟುಂಬದ ಕೈಯಿಂದ ಹೆಚ್ಚು ಹಣ ಹೋಗುತ್ತದೆ ಮತ್ತು ಸರ್ಕಾರದಿಂದ ಕಡಿಮೆ ನೆರವು ಬರುತ್ತದೆ. ಮುಂಚಿತವಾಗಿ ಯೋಜನೆ ಹಾಕಬೇಕಾದದ್ದು ಈ ಅವಧಿಗೆ. ಹಾಗಾಗಿ ಈ ಬರಹದಲ್ಲೂ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಮೊದಲ ಹಂತ: ನಿಮ್ಮ ಕೆಲಸ ಯಾವ ಬಗೆಯದೆಂದು ಗುರುತಿಸಿಕೊಳ್ಳಿ

ನಿಮ್ಮ ಸಂಬಳದಿಂದ ಇಎಸ್‌ಐ ವಂತಿಗೆ ಕಡಿತವಾಗುತ್ತಿದೆಯೇ ಎಂದು ಮೊದಲು ಸಂಬಳದ ಚೀಟಿಯಲ್ಲಿ ನೋಡಿ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು, ನಿಮ್ಮ ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬಂದಿದ್ದರೆ ನಿಮ್ಮ ವೇತನದ ಶೇ 0.75 ಮತ್ತು ಮಾಲೀಕರ ಕಡೆಯಿಂದ ಶೇ 3.25 ನಿಗಮಕ್ಕೆ ಹೋಗುತ್ತಿರಬೇಕು. ಕಡಿತವಿದ್ದರೆ ಹೆರಿಗೆ ಭತ್ಯೆಯನ್ನು ಇಎಸ್‌ಐನಿಂದ ಪಡೆಯುತ್ತೀರಿ. ವೇತನ ಮಿತಿಗಿಂತ ಹೆಚ್ಚಿದ್ದು ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಜನರಿದ್ದರೆ ಮಾಲೀಕರೇ ಕೊಡಬೇಕು. ಗೌಂಡಿ ಕೆಲಸ, ಇಟ್ಟಿಗೆ ಹೊರುವುದು, ಕಾಂಕ್ರೀಟ್, ಬಣ್ಣ, ಸೆಂಟ್ರಿಂಗ್, ರಸ್ತೆ ಕಾಮಗಾರಿ ಇವೆಲ್ಲ ಕಟ್ಟಡ ಕಾರ್ಮಿಕರ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಹೊಲದ ಕೂಲಿ, ಉದ್ಯೋಗ ಖಾತ್ರಿ ಕೆಲಸ ಮಾಡುವವರು ಗ್ರಾಮ ಪಂಚಾಯಿತಿ ಮತ್ತು ಅಂಗನವಾಡಿಯ ಕಡೆ ನೋಡಬೇಕು. ಸರ್ಕಾರಿ ನೌಕರರ ದಾರಿ ಬೇರೆ. ಅದನ್ನು ಆರನೆಯ ಹಂತದಲ್ಲಿ ಹೇಳಿದೆ.

ಒಂದೇ ಮನೆಯಲ್ಲಿ ಎರಡು ಬಾಗಿಲು ತೆರೆದಿರುವುದೂ ಉಂಟು. ಗಂಡ ಗೌಂಡಿ, ಹೆಂಡತಿ ಅದೇ ಕಟ್ಟಡದಲ್ಲಿ ಮಣ್ಣು ಹೊರುವವಳು ಎಂದಿಟ್ಟುಕೊಳ್ಳಿ. ಗಂಡನ ಹೆಸರಿನಲ್ಲಿ ಮಾತ್ರ ಕಾರ್ಮಿಕ ಕಾರ್ಡ್ ಮಾಡಿಸಿ, ಹೆಂಡತಿಯ ಕೆಲಸವನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯದ ಕುಟುಂಬಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಸಾಕಷ್ಟಿವೆ. ಮಂಡಳಿಯ ಹೆರಿಗೆ ಮತ್ತು ಶಿಶು ನೆರವು ಮಹಿಳಾ ಫಲಾನುಭವಿಗೆ ಸಲ್ಲುವಂಥದ್ದಾದ್ದರಿಂದ ಗಂಡನ ಕಾರ್ಡ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯ ಹಂತ: ದಾಖಲೆಗಳನ್ನು ಬಸುರಿನಲ್ಲೇ ಸರಿಪಡಿಸಿಕೊಳ್ಳಿ

ಬಸುರಿನ ತಪಾಸಣೆ, ಲಸಿಕೆಗಳನ್ನು ಬರೆಯುವ ತಾಯಿ ಕಾರ್ಡ್, ತಾಯಿಯ ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಪಡಿತರ ಚೀಟಿ ಮತ್ತು ಮಗು ಹುಟ್ಟಿದ ಮೇಲೆ ಜನನ ಪ್ರಮಾಣ ಪತ್ರ ಇಷ್ಟಿದ್ದರೆ ಬಹುಪಾಲು ಅರ್ಜಿಗಳು ಮುಂದೆ ಸಾಗುತ್ತವೆ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ವಿಳಂಬದ ತಾಪತ್ರಯವಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಬಿಡುಗಡೆಯಾಗುವ ಮುನ್ನವೇ ಹೆಸರುಗಳ ಕಾಗುಣಿತವನ್ನು ಒಮ್ಮೆ ಓದಿ ನೋಡಿ. ಐದು ವರ್ಷದೊಳಗಿನ ಮಗುವಿಗೆ ಬಾಲ ಆಧಾರ್ ಮಾಡಿಸುವಾಗ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದಿಲ್ಲ. ತಂದೆ ಅಥವಾ ತಾಯಿಯ ಆಧಾರ್ ಮತ್ತು ಜನನ ಪ್ರಮಾಣ ಪತ್ರ ಬೇಕಾಗುತ್ತವೆ.

ಎರಡು ತೊಡಕುಗಳು ಪದೇ ಪದೇ ಬರುತ್ತವೆ. ಒಂದನೆಯದು ಹೆಸರಿನದು. ಆಧಾರ್‌ನಲ್ಲಿ ತವರಿನ ಹೆಸರು ಮತ್ತು ತಂದೆಯ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಮೂರನೆಯ ಬಗೆಯ ಕಾಗುಣಿತ ಇದ್ದರೆ ಅರ್ಜಿ ಗಣಕದಲ್ಲೇ ನಿಂತುಬಿಡುತ್ತದೆ. ಎರಡನೆಯದು ಖಾತೆಯದು. ಸರ್ಕಾರದ ನೇರ ನಗದು ವರ್ಗಾವಣೆಯ ಹಣ ನೀವು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ಕಿನ ಖಾತೆಗೇ ಬರುತ್ತದೆ ಎಂದು ತಿಳಿಯಬೇಡಿ. ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿನೊಂದಿಗೆ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. ಹಣ ಬಂದಿಲ್ಲವೆಂದು ಕಚೇರಿ ಅಲೆಯುವ ಮುನ್ನ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಸ್ಥಿತಿ ಕೇಳಿ, ಹಳೆಯ ಖಾತೆಗಳನ್ನೂ ನೋಡಿ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗುವ ನಮ್ಮ ಪದ್ಧತಿಯಿಂದಾಗಿ, ಬಸುರಿನ ನೋಂದಣಿ ಗಂಡನ ಊರಿನಲ್ಲೂ ಹೆರಿಗೆ, ಚುಚ್ಚುಮದ್ದು ತವರೂರಿನಲ್ಲೂ ದಾಖಲಾಗುತ್ತವೆ. ಎರಡೂ ಊರಿನ ಅಂಗನವಾಡಿಗಳಲ್ಲಿ ಎರಡು ಅರ್ಜಿ ಹಾಕಬೇಡಿ. ಒಂದೇ ಕಡೆ ಅರ್ಜಿ ಹಾಕಿ, ತಾಯಿ ಕಾರ್ಡ್ ಜೊತೆಗಿಟ್ಟುಕೊಂಡು ಪ್ರತಿ ತಪಾಸಣೆ, ಪ್ರತಿ ಲಸಿಕೆಯನ್ನೂ ಅದೇ ಕಾರ್ಡಿನಲ್ಲಿ ಬರೆಯಿಸಿಕೊಳ್ಳಿ. ಗುಳೆ ಹೋಗುವ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ಮೂರನೆಯ ಹಂತ: ಹೆರಿಗೆಯ ಸುತ್ತಿನ ಹಣ

ಇಎಸ್‌ಐ ಇರುವವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸರಾಸರಿ ದಿನಗೂಲಿಯ ಪೂರ್ತಿ ಮೊತ್ತ ಸಿಗುತ್ತದೆ. ಹಿಂದಿನ ಒಂದು ಅಥವಾ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಸಂದಾಯವಾಗಿರಬೇಕು. ಇಎಸ್‌ಐ ಇಲ್ಲದ ಸಂಸ್ಥೆಗಳಲ್ಲಿ ಇದೇ 26 ವಾರವನ್ನು ಮಾಲೀಕರು ಕೊಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ 12 ವಾರವಿದ್ದದ್ದು 26 ಆಯಿತು; ಈಗಿನ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅವಧಿ ಅಷ್ಟೇ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. 26 ವಾರಗಳಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಅವಧಿ 12 ವಾರ. ಗರ್ಭಪಾತವಾದರೆ 6 ವಾರ.

ರಜೆಯ ಕೋರಿಕೆಯನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ಯಾವ ದಿನದಿಂದ ರಜೆ, ಹಣವನ್ನು ಯಾರಿಗೆ ಕೊಡಬೇಕು ಎಂಬುದನ್ನು ಬರೆದು, ವೈದ್ಯರ ಪ್ರಮಾಣ ಪತ್ರ ಲಗತ್ತಿಸಿ, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಹೆರಿಗೆಗೆ ಮೊದಲಿನ ಅವಧಿಯ ಹಣವನ್ನು ಮುಂಗಡವಾಗಿಯೂ ಉಳಿದದ್ದನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಯೊಳಗೂ ಕೊಡಬೇಕೆಂದು ಕಾನೂನು ಹೇಳುತ್ತದೆ. ಸಂಸ್ಥೆ ಉಚಿತ ವೈದ್ಯಕೀಯ ಆರೈಕೆ ಒದಗಿಸದಿದ್ದರೆ ಮೇಲೆ 3,500 ರೂಪಾಯಿ ವೈದ್ಯಕೀಯ ಬೋನಸ್ ಉಂಟು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ‘ರಾಜೀನಾಮೆ ಕೊಟ್ಟು ಹೋಗಿ, ಆಮೇಲೆ ಮತ್ತೆ ಸೇರಿಸಿಕೊಳ್ಳುತ್ತೇವೆ’ ಎಂಬ ಸಿಹಿ ಮಾತಿಗೆ ಸಹಿ ಹಾಕಿದರೆ ಮಾತ್ರ ಈ ರಕ್ಷಣೆಯೆಲ್ಲ ಕೈತಪ್ಪುತ್ತದೆ.

ಸಂಬಳದ ಹೆರಿಗೆ ರಜೆ ಇಲ್ಲದ ಕೂಲಿ ತಾಯಂದಿರಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಇದೆ. ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತುಗಳಲ್ಲಿ ಬರುತ್ತದೆ: ಬಸುರು ನೋಂದಣಿ ಮತ್ತು ಒಂದು ತಪಾಸಣೆಯ ನಂತರ 3,000, ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಗಳ ನಂತರ 2,000. ಎರಡನೆಯ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಪರಿಶಿಷ್ಟ ಜಾತಿ ಮತ್ತು ಪಂಗಡ, ಬಿಪಿಎಲ್ ಪಡಿತರ ಚೀಟಿ, ಅಸಂಘಟಿತ ಕಾರ್ಮಿಕರ ಇ-ಶ್ರಮ ಕಾರ್ಡ್, ಉದ್ಯೋಗ ಖಾತ್ರಿಯ ಉದ್ಯೋಗ ಚೀಟಿ, ವಾರ್ಷಿಕ 8 ಲಕ್ಷಕ್ಕಿಂತ ಕಡಿಮೆ ಕುಟುಂಬದ ಆದಾಯ ಇವುಗಳಲ್ಲಿ ಯಾವುದಾದರೊಂದು ಪುರಾವೆ ಸಾಕು. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಅರ್ಜಿ ಹಾಕಬಹುದು, ಸಹಾಯವಾಣಿ 14408.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೆರವು ಇದಕ್ಕಿಂತ ದೊಡ್ಡದು. ನೋಂದಾಯಿತ ಮಹಿಳೆಗೆ ಮೊದಲ ಎರಡು ಮಕ್ಕಳ ಹೆರಿಗೆಗೆ ತಲಾ 50,000 ರೂಪಾಯಿಯ ತಾಯಿ ಲಕ್ಷ್ಮಿ ಬಾಂಡ್ ಮತ್ತು ಮಗುವಿಗೆ ಮೂರು ವರ್ಷ ತುಂಬುವವರೆಗೆ ಶಾಲಾಪೂರ್ವ ಶಿಕ್ಷಣ ಹಾಗೂ ಪೌಷ್ಟಿಕ ಆಹಾರಕ್ಕೆಂದು ವರ್ಷಕ್ಕೆ 6,000 ರೂಪಾಯಿಯ ತಾಯಿ ಮಗು ಸಹಾಯ ಹಸ್ತ ಮಂಡಳಿಯ ಸೌಲಭ್ಯಗಳ ಪಟ್ಟಿಯಲ್ಲಿವೆ. ಮೇಲೆ ಹೇಳಿದ ನಡುವಿನ ಅವಧಿಗೆ ನೇರವಾಗಿ ನಗದು ಕೊಡುವ ಅಪರೂಪದ ಸೌಲಭ್ಯ ಈ ಎರಡನೆಯದು. ನೋಂದಣಿಗೆ 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನದ ಕಟ್ಟಡ ಕೆಲಸದ ಪುರಾವೆ ಬೇಕು. ನಕಲಿ ಕಾರ್ಡುಗಳ ಕಾರಣ ಇಲಾಖೆ ಈಗ ಪರಿಶೀಲನೆಯನ್ನು ಬಿಗಿ ಮಾಡಿರುವುದರಿಂದ, ಮಧ್ಯವರ್ತಿಗೆ ದುಡ್ಡು ಕೊಟ್ಟು ಮಾಡಿಸಿದ ಕಾರ್ಡ್ ಮುಂದೆ ರದ್ದಾಗುವ ಸಾಧ್ಯತೆಯೇ ಹೆಚ್ಚು. ನಿಜವಾಗಿ ದುಡಿದವರು ಮೇಸ್ತ್ರಿ ಅಥವಾ ಗುತ್ತಿಗೆದಾರರಿಂದ ಕೆಲಸದ ದೃಢೀಕರಣ ಪಡೆದು, ಬಸುರಾಗುವ ಮುನ್ನವೇ ನೋಂದಣಿ ಮುಗಿಸಿ, ಅದು ಜೀವಂತವಾಗಿರುವಂತೆ ನವೀಕರಿಸುತ್ತಿರಬೇಕು. ಹೆರಿಗೆಯಾದ ಮೇಲೆ ಅರ್ಜಿಗೆ ಕಾಲಮಿತಿ ಇರುವುದರಿಂದ ಬಾಣಂತನ ಮುಗಿಯಲೆಂದು ಕಾಯದೆ, ಮನೆಯ ಇನ್ನೊಬ್ಬರ ಮೂಲಕವಾದರೂ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ನಾಲ್ಕನೆಯ ಹಂತ: ಆರು ತಿಂಗಳಿಂದ ಮೂರು ವರ್ಷದವರೆಗೆ

ಈ ವಯಸ್ಸಿನ ಮಗುವನ್ನು ಹಗಲು ನೋಡಿಕೊಳ್ಳುವ ಉಚಿತ ವ್ಯವಸ್ಥೆಗಳು ಮೂರು ಬಗೆಯವು. ಮೂರರಲ್ಲಿ ಒಂದಾದರೂ ಸಿಕ್ಕರೆ ಖಾಸಗಿ ಶಿಶುಪಾಲನಾ ಕೇಂದ್ರದ ಶುಲ್ಕ ಉಳಿಯುತ್ತದೆ.

ಹಳ್ಳಿಗಳಲ್ಲಿ ಮೊದಲು ಕೇಳಬೇಕಾದದ್ದು ಕೂಸಿನ ಮನೆ. ರಾಜ್ಯ ಸರ್ಕಾರ 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದಾಗಿ ಘೋಷಿಸಿದ ಈ ಕೇಂದ್ರಗಳು ಉದ್ಯೋಗ ಖಾತ್ರಿ ಕೆಲಸಕ್ಕೆ ಮತ್ತು ಇತರ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಇವೆ. ಅದೇ ಊರಿನ ಮಹಿಳೆಯರಿಗೆ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ನೇಮಿಸಲಾಗುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಅವರನ್ನು ಕಂಡು, ಕೇಂದ್ರ ಯಾವ ಕಟ್ಟಡದಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಮಧ್ಯಾಹ್ನದ ಆಹಾರ ಏನು, ಈಗ ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿ. ಮಗುವಿನ ಜನನ ಪ್ರಮಾಣ ಪತ್ರ, ತಾಯಿ ಕಾರ್ಡ್, ಉದ್ಯೋಗ ಚೀಟಿ ಜೊತೆಗಿರಲಿ. ತೆರೆಯುವ ವೇಳೆಯ ಪ್ರಶ್ನೆ ಸಣ್ಣದಲ್ಲ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹಂಗಾಮಿನಲ್ಲಿ ಕೂಲಿಯವರನ್ನು ಕರೆದೊಯ್ಯುವ ಗಾಡಿ ಬೆಳಗಿನ ಜಾವವೇ ಊರಿಗೆ ಬರುತ್ತದೆ, ಹತ್ತು ಗಂಟೆಗೆ ಬಾಗಿಲು ತೆರೆಯುವ ಕೇಂದ್ರ ಆ ತಾಯಿಗೆ ಇದ್ದೂ ಇಲ್ಲದಂತೆ. ನಾಲ್ಕಾರು ತಾಯಂದಿರು ಒಟ್ಟಾಗಿ ಹಂಗಾಮಿನ ವೇಳೆಗೆ ತಕ್ಕಂತೆ ಸಮಯ ಬದಲಿಸಲು ಬರೆದುಕೊಟ್ಟರೆ ಪಂಚಾಯಿತಿಗೂ ಕ್ರಮ ಕೈಗೊಳ್ಳಲು ಆಧಾರ ಸಿಗುತ್ತದೆ. ಕೇಂದ್ರವೇ ಇಲ್ಲದಿದ್ದರೆ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಬೇಡಿಕೆಯನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ.

ಎರಡನೆಯದು ಪಾಲನಾ ಯೋಜನೆ. ಕೇಂದ್ರ ಸರ್ಕಾರದ ಹಳೆಯ ರಾಷ್ಟ್ರೀಯ ಶಿಶುಪಾಲನಾ ಯೋಜನೆಯನ್ನು 2022ರಲ್ಲಿ ಮಿಷನ್ ಶಕ್ತಿಯಡಿ ಮರುರೂಪಿಸಿ ಈ ಹೆಸರು ಕೊಡಲಾಯಿತು. ಆರು ತಿಂಗಳಿಂದ ಆರು ವರ್ಷದ ಮಕ್ಕಳನ್ನು ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ ನೋಡಿಕೊಳ್ಳಬೇಕೆಂಬುದು ಯೋಜನೆಯ ನಿಯಮ. ಕೆಲವು ಅಂಗನವಾಡಿಗಳನ್ನೇ ಶಿಶುಪಾಲನಾ ಕೇಂದ್ರ ಸಹಿತ ಅಂಗನವಾಡಿಗಳನ್ನಾಗಿ ಮಾಡಲಾಗುತ್ತದೆ. ಎಲ್ಲ ಅಂಗನವಾಡಿಗಳಲ್ಲೂ ಈ ಸೌಲಭ್ಯ ಇರುವುದಿಲ್ಲವಾದ್ದರಿಂದ, ನಿಮ್ಮ ಓಣಿಯ ಕಾರ್ಯಕರ್ತೆ ಇಲ್ಲವೆಂದರೆ ಅಲ್ಲಿಗೆ ಬಿಡದೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಕಚೇರಿಯಲ್ಲಿ ಹತ್ತಿರದ ಕೇಂದ್ರ ಯಾವುದೆಂದು ಕೇಳಬೇಕು. ನಗರದ ತಾಯಂದಿರಿಗೆ ಕೂಸಿನ ಮನೆ ಅನ್ವಯಿಸದಿರುವುದರಿಂದ ಬಳ್ಳಾರಿ, ರಾಯಚೂರು, ಗಂಗಾವತಿಯಂಥ ಕಡೆ ಇದೇ ಮುಖ್ಯ ಆಸರೆ. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವರ ಜಿಲ್ಲಾ ಕಚೇರಿಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ ಎಂಬುದನ್ನು ನೆನಪಿಡಿ, ಬಳ್ಳಾರಿಗೆ ಬಂದು ಮರಳುವ ಬಸ್ಸಿನ ಹೊತ್ತಾದರೂ ಉಳಿಯುತ್ತದೆ.

ಮೂರನೆಯದು ಕೆಲಸದ ಸ್ಥಳದ ಶಿಶುಪಾಲನಾ ಕೇಂದ್ರ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಇದನ್ನು ಒದಗಿಸಲೇಬೇಕು. ಈ 50ರ ಲೆಕ್ಕದಲ್ಲಿ ಗಂಡಸರೂ ಸೇರುತ್ತಾರೆ. ‘ನಮ್ಮಲ್ಲಿ ಹೆಣ್ಣುಮಕ್ಕಳು ಎಂಟೇ ಜನ’ ಎಂಬುದು ಉತ್ತರವಾಗುವುದಿಲ್ಲ. ಹಳೆಯ 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರನ್ನು ಲೆಕ್ಕ ಹಿಡಿಯುತ್ತಿದ್ದುದರಿಂದ ಈ ಗೊಂದಲ ಇನ್ನೂ ಉಳಿದಿದೆ. ತಾಯಿಗೆ ದಿನಕ್ಕೆ ನಾಲ್ಕು ಸಲ ಕೇಂದ್ರಕ್ಕೆ ಹೋಗಿಬರಲು ಅವಕಾಶವಿದ್ದು, ಬಿಡುವಿನ ವೇಳೆಯೂ ಅದರಲ್ಲಿ ಸೇರಿದೆ. ಜೊತೆಗೆ, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವುಗಳ ಹಕ್ಕು ಬೇರೆಯಾಗಿಯೇ ಇದೆ. ಆವರಣದೊಳಗೇ ಕೊಠಡಿ ಕಟ್ಟಬೇಕೆಂದಿಲ್ಲ. ಹತ್ತಿರದ ಕೆಲವು ಸಂಸ್ಥೆಗಳು ಸೇರಿ ಒಂದು ಸಾಮಾನ್ಯ ಕೇಂದ್ರ ನಡೆಸಬಹುದು, ಸರ್ಕಾರಿ ಅಥವಾ ಖಾಸಗಿ ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು. ಮಾಲೀಕರೊಂದಿಗೆ ಮಾತಾಡುವಾಗ ‘ಕಟ್ಟಿಸಿ’ ಎನ್ನುವುದಕ್ಕಿಂತ ‘ಪಕ್ಕದ ಕೇಂದ್ರದ ಶುಲ್ಕವನ್ನು ಸಂಸ್ಥೆಯೇ ಭರಿಸಲಿ’ ಎಂದು ಕೇಳುವುದು ಬೇಗ ಫಲ ಕೊಡುವ ಮಾತು. ಗಿಣಿಗೇರಾ ಸುತ್ತಿನ ಉಕ್ಕಿನ ಘಟಕಗಳು, ಭಾನಾಪುರದ ಆಟಿಕೆ ಕ್ಲಸ್ಟರ್, ಸಂಡೂರಿನ ಗಣಿಗಳಂತೆ ಸಂಸ್ಥೆಗಳು ಹತ್ತಿರ ಹತ್ತಿರ ಇರುವ ಕಡೆ ಸಾಮಾನ್ಯ ಕೇಂದ್ರದ ಬೇಡಿಕೆಗೆ ಅರ್ಥವಿದೆ.

ಬಳ್ಳಾರಿಯ ಜೀನ್ಸ್ ಘಟಕಗಳ, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳ ಸಂಗತಿ ಕಷ್ಟದ್ದು. ಹೊಲಿಗೆ ಒಂದು ಮನೆಯಲ್ಲಿ, ಗುಂಡಿ ಹಾಕುವುದು ಇನ್ನೊಂದರಲ್ಲಿ ಎಂದು ಕೆಲಸ ಹಂಚಿಹೋದಾಗ ಯಾವ ಘಟಕದಲ್ಲೂ 50ರ ಸಂಖ್ಯೆ ತುಂಬುವುದಿಲ್ಲ. ಅಂಥ ತಾಯಂದಿರು ಪಾಲನಾ ಕೇಂದ್ರವನ್ನೇ ನೆಚ್ಚಬೇಕಾಗುತ್ತದೆ, ಇಲ್ಲವೇ ಒಂದೇ ಓಣಿಯ ಮೂರು ನಾಲ್ಕು ಕುಟುಂಬಗಳು ಸೇರಿ ಪರಿಚಯದ ಒಬ್ಬ ಹಿರಿಯ ಹೆಂಗಸಿಗೆ ತಿಂಗಳಿಗಿಷ್ಟೆಂದು ಗೊತ್ತುಮಾಡಿ ಮಕ್ಕಳನ್ನು ಬಿಡಬೇಕಾಗುತ್ತದೆ. ಎರಡನೆಯದನ್ನು ಆರಿಸಿಕೊಂಡರೆ ಊಟ ಯಾರು ಕೊಡುತ್ತಾರೆ, ಮಗುವಿಗೆ ಜ್ವರ ಬಂದ ದಿನ ಏನು, ಆಕೆಗೆ ರಜೆ ಬೇಕಾದರೆ ಯಾರು ಎಂಬುದನ್ನು ಮೊದಲ ದಿನವೇ ಮಾತಾಡಿ ಮುಗಿಸಿ.

ಖಾಸಗಿ ಕೇಂದ್ರವೇ ಗತಿಯಾದಾಗ ಲೆಕ್ಕ ಹಾಕುವ ಕ್ರಮವೊಂದಿದೆ. ಉದಾಹರಣೆಗೆ ತಾಯಿಯ ಸಂಬಳ 14,000, ಕೇಂದ್ರದ ಶುಲ್ಕ 4,000, ಆಟೋ ಖರ್ಚು 1,500 ಎಂದುಕೊಂಡರೆ ಕೈಯಲ್ಲಿ ಉಳಿಯುವುದು 8,500. ‘ಇಷ್ಟಕ್ಕೆ ಯಾಕೆ ಹೋಗಬೇಕು’ ಎಂದು ಮನೆಯ ಹಿರಿಯರು ಕೇಳುವುದು ಈ ಹಂತದಲ್ಲೇ. ಆದರೆ ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲು, ಇಡೀ ಮನೆಗೆ ಇಎಸ್‌ಐ ಚಿಕಿತ್ಸೆ, ಕೆಲಸ ಬಿಟ್ಟು ಮೂರು ವರ್ಷದ ನಂತರ ಮರಳಿದರೆ ಸಿಗುವ ಸಂಬಳ ಇವನ್ನೂ ಆ ಲೆಕ್ಕಕ್ಕೆ ಸೇರಿಸಿ ನೋಡಬೇಕು; ಶುಲ್ಕವನ್ನು ತಾಯಿಯ ಸಂಬಳದಿಂದ ಮಾತ್ರ ಕಳೆಯುವುದೇ ತಪ್ಪು ಲೆಕ್ಕ, ಮಗು ಇಬ್ಬರದೂ ಆದ್ದರಿಂದ ಇಬ್ಬರ ಒಟ್ಟು ಆದಾಯದಿಂದ ಕಳೆಯಬೇಕು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಈ ಶುಲ್ಕಕ್ಕೆ ಎತ್ತಿಡುವ ಕುಟುಂಬಗಳಿವೆ. ಆದರೆ ಆ ಹಣ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದವರಿಗೆ ಬರುವುದರಿಂದ, ಅತ್ತೆಯ ಹೆಸರಿದ್ದರೆ ಅತ್ತೆಯವರೊಂದಿಗೆ ಮಾತಾಡಿಕೊಳ್ಳಬೇಕು. ಮಗುವನ್ನು ತವರಿನಲ್ಲೋ ಅತ್ತೆಯ ಮನೆಯಲ್ಲೋ ಬಿಟ್ಟು ಬರುವ ತಾಯಿಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದರಿಂದ ದಾರಿಯ ಖರ್ಚಾದರೂ ತಪ್ಪುತ್ತದೆ.

ಐದನೆಯ ಹಂತ: ಮೂರರಿಂದ ಆರು ವರ್ಷ

ಅಂಗನವಾಡಿ ಉಚಿತ, ಊಟವಿದೆ, ಶಾಲಾಪೂರ್ವ ಶಿಕ್ಷಣವಿದೆ. ಕಲ್ಯಾಣ ಕರ್ನಾಟಕದ ಹಲವು ಸರ್ಕಾರಿ ಶಾಲೆಗಳಲ್ಲಿ 2024-25ರಿಂದ ಎಲ್‌ಕೆಜಿ, ಯುಕೆಜಿ ತರಗತಿಗಳೂ ಆರಂಭವಾಗಿರುವುದರಿಂದ, ನಾಲ್ಕು ವರ್ಷ ತುಂಬಿದ ಮಗುವಿಗೆ ಖಾಸಗಿ ಕಾನ್ವೆಂಟಿನ ಶುಲ್ಕ ಕಟ್ಟುವ ಮುನ್ನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಮ್ಮೆ ವಿಚಾರಿಸಿ. ಎರಡೂ ಕಡೆಯ ಕೊರತೆ ಒಂದೇ: ಸಂಜೆ ನಾಲ್ಕರ ನಂತರ ಮಗು ಎಲ್ಲಿ? ಪಾಲಿ ಕೆಲಸದವರು ಈ ಎರಡು ಮೂರು ಗಂಟೆಗೆ ಮಾತ್ರ ಆಸರೆ ಹುಡುಕಿದರೆ ಪೂರ್ತಿ ದಿನದ ಶುಲ್ಕ ಕೊಡಬೇಕಾಗುವುದಿಲ್ಲ.

ಆರನೆಯ ಹಂತ: ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರು

ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 180 ದಿನದ ಹೆರಿಗೆ ರಜೆಯ ಜೊತೆಗೆ 2021ರಿಂದ ಶಿಶುಪಾಲನಾ ರಜೆಯೂ ಇದೆ; ಇಡೀ ಸೇವಾವಧಿಗೆ ಅದು ಆರು ತಿಂಗಳು. ರೈಲ್ವೆ, ಅಂಚೆ ಮೊದಲಾದ ಕೇಂದ್ರ ಸರ್ಕಾರಿ ಸೇವೆಯಲ್ಲಿರುವ ಮಹಿಳೆಯರಿಗೆ ಮತ್ತು ಒಂಟಿಯಾಗಿ ಮಗು ಸಾಕುವ ಪುರುಷರಿಗೆ ಮೊದಲ ಇಬ್ಬರು ಮಕ್ಕಳಿಗೆ 18 ವರ್ಷ ತುಂಬುವುದರೊಳಗೆ ಒಟ್ಟು 730 ದಿನ ಸಿಗುತ್ತದೆ. ಮೊದಲ 365 ದಿನ ಪೂರ್ತಿ ವೇತನ, ನಂತರದ 365 ದಿನ ಶೇ 80. ಕೇಂದ್ರ ನೌಕರರಿಗೆ ಒಂದನೇ ತರಗತಿಗೆ ಹಿಂದಿನ ತರಗತಿಗಳಿಂದಲೇ ಮಕ್ಕಳ ಶಿಕ್ಷಣ ಭತ್ಯೆ ಆರಂಭವಾಗುತ್ತದೆ, 2024ರ ಜನವರಿಯಿಂದ ತಿಂಗಳಿಗೆ 2,812.50 ರೂಪಾಯಿ. ಅಂಗವಿಕಲ ಮಹಿಳಾ ನೌಕರರಿಗೆ ಮಗುವಿಗೆ ಎರಡು ವರ್ಷ ಆಗುವವರೆಗೆ ತಿಂಗಳಿಗೆ 3,750 ರೂಪಾಯಿಯ ವಿಶೇಷ ಶಿಶುಪಾಲನಾ ಭತ್ಯೆ ಬೇರೆ ಇದೆ. ಅರ್ಹರು ತಮ್ಮ ಕಚೇರಿಯ ಲೆಕ್ಕ ವಿಭಾಗದಲ್ಲಿ ಇದನ್ನು ಹೆಸರಿಟ್ಟು ಕೇಳಬೇಕು.

ತೆರಿಗೆಯಲ್ಲಿ ಸಿಗುವುದು ಕಡಿಮೆ. ಹಳೆಯ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು, ಪ್ಲೇಸ್ಕೂಲ್ ಮತ್ತು ನರ್ಸರಿಯದೂ ಸೇರಿ, 80ಸಿ ಎಂದೇ ಜನರಿಗೆ ಪರಿಚಿತವಾದ 1.5 ಲಕ್ಷದ ಮಿತಿಯೊಳಗೆ ತೋರಿಸಬಹುದು. ಮಗುವನ್ನು ನೋಡಿಕೊಳ್ಳುವುದಕ್ಕಷ್ಟೇ ಕೊಟ್ಟ ಶುಲ್ಕ, ದೇಣಿಗೆ, ವಾಹನ ಶುಲ್ಕ ಇದರಲ್ಲಿ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ, ಆದರೆ ವರ್ಷಕ್ಕೆ 12 ಲಕ್ಷದೊಳಗಿನ ಸಾಮಾನ್ಯ ಆದಾಯಕ್ಕೆ ಅಲ್ಲಿ ತೆರಿಗೆಯೇ ಬರುವುದಿಲ್ಲವಾದ್ದರಿಂದ ಹೆಚ್ಚಿನವರು ಇದರ ಹಿಂದೆ ಬೀಳಬೇಕಾಗಿಲ್ಲ.

ಏಳನೆಯ ಹಂತ: ಅರ್ಜಿ ನಿಂತುಹೋದಾಗ

ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಸಂಖ್ಯೆ ಇರಬೇಕು. ಆ ಸಂಖ್ಯೆಯಿಂದ ಸೇವಾ ಸಿಂಧುವಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಸ್ಥಿತಿ ನೋಡಿಸಿ. ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ‘ಮೇಲಿನಿಂದ ಬಂದಿಲ್ಲ’ ಎಂಬುದು ಕಾರಣವಲ್ಲ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕವೂ ಇಲ್ಲ, 30 ದಿನದೊಳಗೆ ಉತ್ತರ ಬರಬೇಕು.

ಮಾಲೀಕರು ಹೆರಿಗೆ ಭತ್ಯೆ ಕೊಡದಿದ್ದರೆ ಅಥವಾ ಕೆಲಸದಿಂದ ತೆಗೆದರೆ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ನ್ಯಾಯಾಲಯದವರೆಗೆ ಹೋಗಬೇಕಾದರೂ ವಕೀಲರ ಖರ್ಚಿಗೆ ಹೆದರಬೇಕಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲೇ ಇದರ ಕಚೇರಿ ಇದ್ದು, ಸಹಾಯವಾಣಿ 15100.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಬದಲಿಸುವುದು ವಾಡಿಕೆ. ಆ ದಿನಗಳಲ್ಲಿ ಸಿಡಿಪಿಓ ಅಥವಾ ಕಾರ್ಮಿಕ ಇಲಾಖೆಯ ಕೆಲಸವಿದ್ದರೆ ಮೊದಲ ಬಸ್ಸಿಗೆ ಹೊರಡಿ.